ಫಿಲಾಸಫಿ ಎಂ.ಎ. ಕೈಗೆ ಬರ್ಬೇಕಂದ್ರೆ ನಿಜವಾಗ್ಲೂ ಏನೇನ್ ಮುಗಿಸ್ಬೇಕು? ಥೀಸಿಸ್ಸಾ ಪರೀಕ್ಷೆನಾ?

ಕಡೆಬೆಂಚು

ಎಲ್ಲರಿಗೂ ನಮಸ್ಕಾರ. ನನ್ನ ಡಿಗ್ರಿ ಕಂಪ್ಯೂಟರ್ ಸೈನ್ಸಲ್ಲಿ ಆಗಿದ್ದು, ಆರು ವರ್ಷದಿಂದ ಕೆಲಸದಲ್ಲಿದೀನಿ, ಫಿಲಾಸಫಿ ಎಲ್ಲಾ ರಾತ್ರಿ ಹೊತ್ತು ನಾನೇ ಕೂತು ಓದ್ಕೊಂಡಿದ್ದು. ಎಷ್ಟು ಓದಿದ್ರೂ ನನಗೆ ಅರ್ಥ ಆಗಿರೋದು ಸರಿನೋ ತಪ್ಪೋ ಅಂತ ಹೇಳೋರಿಲ್ಲ, ಅದೇ ಕೊರಗು. ಅದಕ್ಕೇ ಈ ಸಲ ಎಂ.ಎ.ಗೆ ಅಪ್ಲೈ ಮಾಡೋದು ಅಂತ ಗಟ್ಟಿ ಮನಸ್ಸು ಮಾಡಿದೀನಿ.

ಮೂರ್ನಾಲ್ಕು ಕಡೆಯ ನಿಯಮಾವಳಿ ಡೌನ್‌ಲೋಡ್ ಮಾಡಿ ಓದ್ದೆ, ಓದಿದ್ಮೇಲೆ ಗೊಂದಲ ಜಾಸ್ತಿನೇ ಆಯ್ತು. ಒಂದು ಕಡೆ 30 ಕ್ರೆಡಿಟ್ ಸಾಕು ಅಂತಾರೆ, ಇನ್ನೊಂದು ಕಡೆ 120, ಮತ್ತೊಂದು ಕಡೆ 180. ಒಂದು ಕಡೆ ಥೀಸಿಸ್ ಕಡ್ಡಾಯ, ಇನ್ನೊಂದು ಕಡೆ ಥೀಸಿಸ್ ಬೇಡ ಅಂದ್ರೆ ದೊಡ್ಡ ಪರೀಕ್ಷೆ ಬರೀಬೇಕು. ಲಾಜಿಕ್ ಎಲ್ಲಾ ಕಡೆ ಕಡ್ಡಾಯ ಇದ್ದ ಹಾಗಿದೆ. ಒಂದು ಕಡೆ ಇನ್ನೊಂದು ಭಾಷೆ ಓದೋಕೆ ಬರತ್ತೆ ಅಂತ ತೋರಿಸ್ಬೇಕಂತೆ. ಎಂ.ಫಿಲ್ ಅಂದ್ರೂ ಮಾಸ್ಟರ್ ಆಫ್ ಫಿಲಾಸಫಿನೇ ಅಲ್ವಾ, ಅದೂ ಇದೂ ಒಂದೇನಾ? ಮುಗಿಸಿದವ್ರು ಯಾರಾದ್ರೂ ಬಿಡಿಸಿ ಹೇಳಿ. ಥೀಸಿಸ್ ಬರೆಯೋದಾದ್ರೆ ನನ್ನ ಹತ್ರ ವಿಷಯ ಇದೆ, ಇಚ್ಛಾಸ್ವಾತಂತ್ರ್ಯ, ಪೂರ್ವ ಪಶ್ಚಿಮ ಎರಡೂ ಕಡೆಯ ದೃಷ್ಟಿಯಿಂದ.

ಮೂರನೇಓದು

ಮೊದಲು ಕ್ರೆಡಿಟ್ಟಿನ ಗಂಟು ಬಿಚ್ಚೋಣ, ಯಾಕಂದ್ರೆ ಅದು ಬರೀ ಅಳತೆಗೋಲಿನ ವ್ಯತ್ಯಾಸ. ಅಮೆರಿಕದ ಲೆಕ್ಕದಲ್ಲಿ ಒಂದು ಕೋರ್ಸಿಗೆ ಸಾಮಾನ್ಯವಾಗಿ 3 ಕ್ರೆಡಿಟ್, ಹಾಗಾಗಿ 30 ಅಂದ್ರೆ ಹತ್ತು ಕೋರ್ಸು, ಥೀಸಿಸ್ ಬರೆಯೋರಿಗೆ ಅದರಲ್ಲೇ ಒಂದೆರಡು ಕೋರ್ಸಿನಷ್ಟು ಥೀಸಿಸ್ಸಿಗೆ ಹೋಗತ್ತೆ. ಯುರೋಪಿನ ಇಸಿಟಿಎಸ್ (ಅಲ್ಲಿನ ದೇಶಗಳ ಸಾಮಾನ್ಯ ಕ್ರೆಡಿಟ್ ಪದ್ಧತಿ) ಲೆಕ್ಕದಲ್ಲಿ ಪೂರ್ತಿ ಒಂದು ವರ್ಷದ ಓದಿಗೆ 60 ಕ್ರೆಡಿಟ್, ಒಂದು ಕ್ರೆಡಿಟ್ಟಿಗೆ 25ರಿಂದ 30 ಗಂಟೆ ಕೆಲಸ, ಸೋ 120 ಅಂದ್ರೆ ಎರಡು ವರ್ಷ, 3000 ಗಂಟೆಗೆ ಕಮ್ಮಿ ಇಲ್ಲ. ಬ್ರಿಟನ್ನಿನಲ್ಲಿ ಒಂದು ಕ್ರೆಡಿಟ್ಟಿಗೆ 10 ಗಂಟೆ ಅಂತ ಹಿಡೀತಾರೆ, 180 ಅಂದ್ರೆ 1800 ಗಂಟೆ, ಅದನ್ನ ಒಂದೇ ವರ್ಷಕ್ಕೆ ಒತ್ತಿ ತುಂಬಿರ್ತಾರೆ, ಬೇಸಿಗೆ ಪೂರ್ತಿ ಡಿಸರ್ಟೇಶನ್ನಿಗೇ (ಥೀಸಿಸ್ಸಿಗೆ ಅಲ್ಲಿನ ಹೆಸರು) ಹೋಗತ್ತೆ. ಅಂದ್ರೆ 180 ಅನ್ನೋದು 120ಕ್ಕಿಂತ ದೊಡ್ಡ ಅಂಕಿ, ಆದ್ರೂ ಓದಿನ ಸಮಯ ಅದಕ್ಕಿಂತ ಕಮ್ಮಿ. ಅಂಕಿ ನೋಡಿ ಹೆದರ್ಬೇಡಿ, ಅಂಕಿ ನೋಡಿ ಆರಿಸ್ಕೋಬೇಡಿ.

ಹೆಸರಿನ ವಿಷಯ. ಎಂ.ಫಿಲ್‌ನಲ್ಲಿರೋ ಫಿಲಾಸಫಿ ಪಿಎಚ್.ಡಿ.ಯಲ್ಲಿರೋ ಥರದ್ದೇ, ಹಳೇ ವಿಶಾಲ ಅರ್ಥದ್ದು. ಕೆಮಿಸ್ಟ್ರಿಯಲ್ಲೂ ಎಂ.ಫಿಲ್ ಮಾಡಿದವ್ರಿದ್ದಾರೆ. ಭಾರತದಲ್ಲಿ 2022ರ ಯುಜಿಸಿ ನಿಯಮ ಬಂದ್ಮೇಲೆ ಹೊಸದಾಗಿ ಎಂ.ಫಿಲ್ ನಡೆಸೋ ಹಾಗಿಲ್ಲ. ಉಲ್ಟಾ ಕೇಸೂ ಇದೆ, ಆಕ್ಸ್‌ಫರ್ಡ್‌ನ ಬಿ.ಫಿಲ್ ಅಂದ್ರೆ ಹೆಸರಿಗೆ ಬ್ಯಾಚುಲರ್, ಆದ್ರೆ ಡಿಗ್ರಿ ಆದ್ಮೇಲೆ ಮಾಡೋ ಎರಡು ವರ್ಷದ ಗಟ್ಟಿ ಓದು, 1946ರಲ್ಲಿ ಅಲ್ಲಿನ ತತ್ವಜ್ಞಾನಿ ಗಿಲ್ಬರ್ಟ್ ರೈಲ್ ಮುಂದೆ ನಿಂತು ಶುರು ಮಾಡಿಸಿದ್ದು. ಸ್ಕಾಟ್ಲೆಂಡಿನ ಹಳೇ ಯುನಿವರ್ಸಿಟಿಗಳಲ್ಲಿ ಎಂ.ಎ. ಅಂದ್ರೆ ನಾಲ್ಕು ವರ್ಷದ ಮೊದಲನೇ ಡಿಗ್ರಿ. ಆಕ್ಸ್‌ಫರ್ಡ್ ಕೇಂಬ್ರಿಡ್ಜಲ್ಲಂತೂ ಬಿ.ಎ. ಆದವ್ರಿಗೆ ಕೆಲವು ವರ್ಷ ಕಳೆದ್ಮೇಲೆ ಪರೀಕ್ಷೆನೇ ಇಲ್ದೆ ಎಂ.ಎ. ಸಿಗತ್ತೆ. ಹಾಗಾಗಿ ಹೆಸರು ಬಿಟ್ಟು ನಿಯಮಾವಳಿಯಲ್ಲಿ ಪದವಿ ಪಡೆಯೋ ಅರ್ಹತೆ ಅನ್ನೋ ಭಾಗ ಓದಿ.

ಆ ಭಾಗದಲ್ಲಿ ಹೆಚ್ಚುಕಮ್ಮಿ ಎಲ್ಲಾ ಕಡೆ ಇರೋದು ಇಷ್ಟೇ: ಇಂತಿಷ್ಟು ಕೋರ್ಸು, ಆ ಕೋರ್ಸು ಒಂದೇ ಕಡೆ ಗುಂಪಾಗ್ದೆ ಹರಡಿರ್ಬೇಕು ಅನ್ನೋ ಷರತ್ತು, ಅಂದ್ರೆ ಪ್ರಾಚೀನ, ಆಧುನಿಕ ಇತಿಹಾಸ, ನೀತಿಶಾಸ್ತ್ರ, ಜ್ಞಾನಮೀಮಾಂಸೆ (ತಿಳಿವು ಅಂದ್ರೇನು ಅನ್ನೋ ವಿಚಾರ) ಮತ್ತೆ ಮೆಟಾಫಿಸಿಕ್ಸ್ (ಇರೋದು ಅಂದ್ರೇನು ಅನ್ನೋ ವಿಚಾರ), ಇವುಗಳಲ್ಲಿ ಒಂದೊಂದಾದ್ರೂ ಮುಟ್ಟಿರ್ಬೇಕು. ಆಮೇಲೆ ಲಾಜಿಕ್. ಆಮೇಲೆ ಥೀಸಿಸ್ ಇಲ್ಲಾ ಕಾಂಪ್ರಹೆನ್ಸಿವ್ ಪರೀಕ್ಷೆ. ಕೆಲವು ಕಡೆ ಭಾಷೆ.

ತರ್ಕದಮೇಜು

ಕಡೆಬೆಂಚು ಅವರೇ, ಕಂಪ್ಯೂಟರ್ ಸೈನ್ಸ್ ಮಾಡಿದೀನಿ ಲಾಜಿಕ್ ನೀರು ಕುಡಿದಷ್ಟು ಸುಲಭ ಅಂತ ದಯವಿಟ್ಟು ಅಂದ್ಕೋಬೇಡಿ. ನಾನು ಆರು ವರ್ಷದಿಂದ ಈ ಪೇಪರಿನ ಟ್ಯುಟೋರಿಯಲ್ ತಗೋತಾ ಇದೀನಿ. ಟ್ರೂತ್ ಟೇಬಲ್, ಅಂಡ್ ಆರ್ ನಾಟ್, ಇದೆಲ್ಲಾ ನಿಮಗೆ ಮೊದಲನೇ ವಾರ ಮುಗಿಯತ್ತೆ ನಿಜ. ಆದ್ರೆ ಮಾಸ್ಟರ್ಸಲ್ಲಿ ಕೇಳೋದು ಪ್ರೆಡಿಕೇಟ್ ಲಾಜಿಕ್ (ಎಲ್ಲಾ, ಕೆಲವು ಅನ್ನೋ ಪದಗಳ ಲಾಜಿಕ್), ನ್ಯಾಚುರಲ್ ಡಿಡಕ್ಷನ್ನಲ್ಲಿ, ಅಂದ್ರೆ ನಿಯಮ ಹಿಡಿದು ಹೆಜ್ಜೆ ಹೆಜ್ಜೆಯಾಗಿ, ಪ್ರೂಫ್ ಕಟ್ಟೋದು, ಆಮೇಲೆ ಬಹಳ ಕಡೆ ಸೌಂಡ್‌ನೆಸ್ ಕಂಪ್ಲೀಟ್‌ನೆಸ್ ಪ್ರಮೇಯಗಳು (ಪ್ರೂಫ್ ಆಗೋದೆಲ್ಲಾ ಸರಿ, ಸರಿ ಇರೋದೆಲ್ಲಾ ಪ್ರೂಫ್ ಆಗತ್ತೆ ಅನ್ನೋವು), ಅಂದ್ರೆ ಲಾಜಿಕ್ ಒಳಗೆ ಕೂತು ಪ್ರೂಫ್ ಮಾಡೋದಲ್ಲ, ಲಾಜಿಕ್ ಹೊರಗೆ ನಿಂತು ಲಾಜಿಕ್ ಬಗ್ಗೆ ಪ್ರೂಫ್ ಮಾಡೋದು. ಎಷ್ಟೋ ಜನ ಬಿದ್ದು ಹೋಗೋದು ಅಲ್ಲೇ.

ಅದಕ್ಕಿಂತ ಕಷ್ಟ ಅಂದ್ರೆ ಮಾತಿನ ವಾಕ್ಯನ ಸಂಕೇತಕ್ಕೆ ಇಳಿಸೋದು. ಒಂದು ಉದಾಹರಣೆ ಕೊಡ್ತೀನಿ. ಪ್ರತಿಯೊಬ್ಬರಿಗೂ ಒಬ್ಬ ತಾಯಿ ಇದಾಳೆ, ಇದು ನಿಜ. ಒಬ್ಬ ತಾಯಿ ಇದಾಳೆ ಅವಳು ಪ್ರತಿಯೊಬ್ಬರಿಗೂ ತಾಯಿ, ಇದು ಸುಳ್ಳು. ಪದಗಳು ಅವೇ, ಪ್ರತಿಯೊಬ್ಬ ಮತ್ತೆ ಒಬ್ಬಳು ಅನ್ನೋದರ ಜಾಗ ಅದಲು ಬದಲು ಆಗಿದೆ ಅಷ್ಟೇ. ಇಲ್ಲಿ ನಮಗೆ ತಪ್ಪು ಕಣ್ಣಿಗೆ ಹೊಡೆಯತ್ತೆ. ಈಗ ಇದನ್ನ ನೋಡಿ, ಪ್ರತಿಯೊಂದು ಘಟನೆಗೂ ಒಂದು ಕಾರಣ ಇದೆ, ಆದ್ದರಿಂದ ಎಲ್ಲಾ ಘಟನೆಗಳಿಗೂ ಕಾರಣವಾದ ಯಾವುದೋ ಒಂದಿದೆ. ಅದೇ ತಪ್ಪು, ಆದ್ರೆ ಓದುವಾಗ ಗೊತ್ತೇ ಆಗಲ್ಲ, ಗಂಭೀರವಾಗಿ ತಲೆ ಆಡಿಸ್ಬಿಡ್ತೀವಿ.

ನಿಮ್ಮ ಇಚ್ಛಾಸ್ವಾತಂತ್ರ್ಯದಲ್ಲೂ ಇದೇ ಜಾತಿಯ ಒಂದು ಗುಂಡಿ ಇದೆ. ನಾಳೆ ನಾನು ಬರ್ತೀನಿ ಅನ್ನೋದು ಇವತ್ತೇ ನಿಜ ಆಗಿದ್ರೆ ನಾಳೆ ನಾನು ಬಂದೇ ತೀರಬೇಕು, ಹಾಗಾಗಿ ನನಗೆ ಆಯ್ಕೆ ಇಲ್ಲ ಅಂತ ವಾದ ಮಾಡ್ತಾರೆ. ಇಲ್ಲಿ ಅನಿವಾರ್ಯತೆ ಇರೋದು ಎಲ್ಲಿ? ನಾನು ಬರೋದು ನಿಜ ಆದ್ರೆ ನಾನು ಬರ್ತೀನಿ ಅನ್ನೋ ಇಡೀ ವಾಕ್ಯ ಅನಿವಾರ್ಯವಾಗಿ ನಿಜ, ಅಷ್ಟೇ. ಅದರಿಂದ ನಾನು ಬರೋದೇ ಅನಿವಾರ್ಯ ಅಂತ ಬರಲ್ಲ. ಅರಿಸ್ಟಾಟಲ್ ನಾಳೆ ಸಮುದ್ರಯುದ್ಧ ನಡೆಯತ್ತೋ ಇಲ್ವೋ ಅಂತ ತಲೆ ಕೆಡಿಸ್ಕೊಂಡಿದ್ದು ಇದರ ಸುತ್ತಮುತ್ತಲೇ. ಮೋಡಲ್ ಲಾಜಿಕ್ (ಅನಿವಾರ್ಯ, ಸಾಧ್ಯ ಅನ್ನೋದರ ಲಾಜಿಕ್) ಸ್ವಲ್ಪ ಗೊತ್ತಿದ್ರೆ ಈ ಎರಡನ್ನ ಬೇರೆ ಬೇರೆ ಬರೆದು ತೋರಿಸ್ಬಹುದು, ಗೊತ್ತಿಲ್ದೆ ಇದ್ರೆ ಇಪ್ಪತ್ತು ಪುಟ ಬರೆದ್ರೂ ಅಲ್ಲೇ ಸುತ್ತುತಾ ಇರ್ತೀರ. ಲಾಜಿಕ್ ಯಾಕೆ ಕಡ್ಡಾಯ ಅಂದ್ರೆ ಇದಕ್ಕೆ. ಮೊದಲನೇ ಸೆಮಿಸ್ಟರಲ್ಲೇ ಮುಗಿಸ್ಕೊಳ್ಳಿ, ಕೊನೆಗೆ ಇಟ್ಕೊಂಡವ್ರು ಥೀಸಿಸ್ ಬರೆಯೋ ಹೊತ್ತಲ್ಲಿ ಕ್ವಾಂಟಿಫೈಯರ್ (ಪ್ರತಿಯೊಂದು, ಒಂದು ಅನ್ನೋದರ ಸಂಕೇತ) ಜೊತೆ ಗುದ್ದಾಡೋದನ್ನ ನೋಡಿದೀನಿ, ಸಂಕಟ ಆಗತ್ತೆ.

ಎರಡೂದಡ

ನಾನು ಪರೀಕ್ಷೆ ದಾರಿಯಲ್ಲಿ ಮುಗಿಸಿದವ್ಳು, ಅದರ ಪರವಾಗಿ ಮಾತಾಡೋರು ಕಮ್ಮಿ ಹಾಗಾಗಿ ಹೇಳ್ತೀನಿ.

ಕಾಂಪ್ರಹೆನ್ಸಿವ್ ಅಂದ್ರೆ ಸೆಮಿಸ್ಟರ್ ಪರೀಕ್ಷೆ ಥರ ಅಲ್ಲ. ವಿಭಾಗದವ್ರು ಒಂದು ಓದುಪಟ್ಟಿ ಕೊಡ್ತಾರೆ, ಪ್ಲೇಟೋನಿಂದ ಹಿಡಿದು ಇಪ್ಪತ್ತನೇ ಶತಮಾನದ ಲೇಖನಗಳವರೆಗೆ, ಕ್ಲಾಸಲ್ಲಿ ಮಾಡಿರ್ಲಿ ಬಿಡ್ಲಿ ಪಟ್ಟಿಯಲ್ಲಿರೋದು ನಿಮ್ಮ ಜವಾಬ್ದಾರಿ. ಬಹಳ ಕಡೆ ಎರಡು ಸಲ ಬರೆಯೋಕೆ ಅವಕಾಶ, ಎರಡನೇ ಸಲನೂ ಹೋಯ್ತು ಅಂದ್ರೆ ಡಿಗ್ರಿ ಇಲ್ಲ. ನಾನು ಎಂಟು ತಿಂಗಳು ಆ ಪಟ್ಟಿ ಹಿಡ್ಕೊಂಡು ಕೂತಿದ್ದೆ, ಆ ಎಂಟು ತಿಂಗಳಲ್ಲಿ ಕಲಿತಿದ್ದು ಹಿಂದಿನ ಒಂದೂವರೆ ವರ್ಷದಲ್ಲಿ ಕಲಿತಿರ್ಲಿಲ್ಲ. ಯಾಕಂದ್ರೆ ಕೋರ್ಸಲ್ಲಿ ಹ್ಯೂಮ್ ಬೇರೆ ಕಾಂಟ್ ಬೇರೆ, ಪಟ್ಟಿಯಲ್ಲಿ ಇಬ್ಬರೂ ಒಟ್ಟಿಗೆ ಬಂದಾಗಲೇ ಗೊತ್ತಾಗೋದು ಕಾಂಟ್ ಯಾರಿಗೆ ಉತ್ತರ ಕೊಡ್ತಿದಾನೆ ಅಂತ. ಕಾರಣ ಕಾರ್ಯದ ನಂಟು ಬರೀ ತರ್ಕದಿಂದ ಗೊತ್ತಾಗಲ್ಲ, ಅನುಭವದ ರೂಢಿಯಿಂದ ಬರತ್ತೆ ಅಂತ ಹ್ಯೂಮ್ ಹೇಳಿದ್ದು ಕಾಂಟ್‌ಗೆ ನಿದ್ದೆಯಿಂದ ಎಬ್ಬಿಸಿದ ಹಾಗಾಯ್ತು ಅಂತ ಅವನೇ ಬರ್ಕೊಂಡಿದಾನೆ. ಅದನ್ನ ನಾನು ಕೋರ್ಸಲ್ಲೂ ಕೇಳಿದ್ದೆ, ಆದ್ರೆ ಒಳಗೆ ಇಳಿದಿದ್ದು ಪಟ್ಟಿ ಓದುವಾಗ.

ಥೀಸಿಸ್ ಬರೆದ ನನ್ನ ಕ್ಲಾಸ್‌ಮೇಟ್ಸ್ ತಮ್ಮ ಒಂದು ವಿಷಯದಲ್ಲಿ ನನಗಿಂತ ತುಂಬಾ ಮುಂದೆ ಹೋದ್ರು, ಅದು ಒಪ್ತೀನಿ. ಆದ್ರೆ ಥೀಸಿಸ್ ಇಲ್ದೆ ಇರೋ ಎಂ.ಎ. ಅರೆಬೆಂದ ಎಂ.ಎ. ಅಂತ ಯಾರಾದ್ರೂ ಹೇಳಿದ್ರೆ ನನಗೆ ನೋವಾಗತ್ತೆ. ಇದೇ ಡಿಗ್ರಿ ಶುರುವಾದಾಗ ಥೀಸಿಸ್ ಅನ್ನೋ ಪುಸ್ತಕನೇ ಇರ್ಲಿಲ್ಲ.

ಮೂರನೇಓದು

ಅದು ಸರಿಯಾದ ಮಾತು. 1215ರಲ್ಲಿ ಪ್ಯಾರಿಸ್ ಯುನಿವರ್ಸಿಟಿಗೆ ರಾಬರ್ಟ್ ದೆ ಕೂರ್ಸೋನ್ ಕೊಟ್ಟ ನಿಯಮದಲ್ಲಿ ಕಲಾವಿಭಾಗದಲ್ಲಿ ಪಾಠ ಹೇಳ್ಬೇಕಂದ್ರೆ ವಯಸ್ಸು 21 ಆಗಿರ್ಬೇಕು, ಅದಕ್ಕೆ ಮೊದಲು ಕಮ್ಮಿ ಅಂದ್ರೂ ಆರು ವರ್ಷ ಪಾಠ ಕೇಳಿರ್ಬೇಕು ಅಂತಿದೆ. ಮಾಸ್ಟರ್ ಅಂದ್ರೆ ಪಾಠ ಹೇಳೋಕೆ ಅರ್ಹ ಆದವನು, ಪದವಿಯ ಹೆಸರು ಬಂದಿದ್ದೇ ಅಲ್ಲಿಂದ. ಅವತ್ತಿನ ಒರೆಗಲ್ಲು ಎದುರಾಎದುರು ನಿಂತು ಮಾಡೋ ವಾದ, ಒಬ್ಬ ಪ್ರಶ್ನೆ ಹಾಕಿ ಆಕ್ಷೇಪ ಎತ್ತಬೇಕು, ಇನ್ನೊಬ್ಬ ನಿಂತಲ್ಲೇ ಉತ್ತರ ಕಟ್ಟಬೇಕು. ಇವತ್ತಿನ ವೈವಾ, ಅಂದ್ರೆ ಮೌಖಿಕ ಪರೀಕ್ಷೆ, ಅದರ ಮೊಮ್ಮಗು.

ಅಂಚಿನಟಿಪ್ಪಣಿ

ನಾನು ಪಾಠ ಮಾಡೋಳು, ಎಂ.ಎ. ಥೀಸಿಸ್‌ಗಳಿಗೆ ಮಾರ್ಗದರ್ಶನ ಮಾಡ್ತೀನಿ, ಬೇರೆ ಕಡೆಯಿಂದ ಬಂದಿದ್ದನ್ನ ಮೌಲ್ಯಮಾಪನನೂ ಮಾಡ್ತೀನಿ. ಎರಡೂದಡ ಅವರ ಮಾತು ನೂರಕ್ಕೆ ನೂರು ಒಪ್ತೀನಿ, ಪರೀಕ್ಷೆ ದಾರಿ ಕೀಳಲ್ಲ. ಮುಂದೆ ಪಿಎಚ್.ಡಿ. ಮನಸ್ಸಿದ್ರೆ ಮಾತ್ರ ಥೀಸಿಸ್ ದಾರಿ ಹಿಡೀರಿ ಅಂತೀನಿ, ಅಪ್ಲಿಕೇಶನ್ನಿಗೆ ಬೇಕಾಗೋ ಬರವಣಿಗೆಯ ಮಾದರಿ ಅದರಿಂದಲೇ ಸಿಗತ್ತೆ.

ಆದ್ರೆ ಕಡೆಬೆಂಚು ಅವರ ವಿಷಯದ ಬಗ್ಗೆ ಸ್ವಲ್ಪ ಕಟುವಾಗಿ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಇಚ್ಛಾಸ್ವಾತಂತ್ರ್ಯ, ಪೂರ್ವ ಪಶ್ಚಿಮ ದೃಷ್ಟಿಯಿಂದ. ಇದು ವಿಷಯ ಅಲ್ಲ, ಇದು ಲೈಬ್ರರಿಯ ಒಂದು ಕೋಣೆ. ಇಂಥ ಥೀಸಿಸ್ ನನ್ನ ಮೇಜಿಗೆ ಬಂದಾಗ ಏನಿರತ್ತೆ ಗೊತ್ತಾ, ಅಧ್ಯಾಯ ಒಂದು ಪೀಠಿಕೆ, ಅಧ್ಯಾಯ ಎರಡು ಗ್ರೀಕರು ಏನಂದ್ರು, ಮೂರು ಕರ್ಮಸಿದ್ಧಾಂತ ಏನನ್ನತ್ತೆ, ನಾಲ್ಕು ಕಾಂಟ್ ಏನಂದ, ಐದು ಉಪಸಂಹಾರ, ಅದರಲ್ಲಿ ಎಲ್ಲರೂ ಹೇಳಿದ್ದರಲ್ಲೂ ಸತ್ಯಾಂಶ ಇದೆ. ಬರೆದವರು ತುಂಬಾ ಶ್ರಮ ಪಟ್ಟಿರ್ತಾರೆ, ಅದೇ ಸಂಕಟದ ವಿಷಯ. ನೂರು ಪುಟದಲ್ಲಿ ಒಂದು ಕಡೆನೂ ಇದು ತಪ್ಪು, ಯಾಕಂದ್ರೆ ಹೀಗೆ ಅಂತ ಒಂದು ವಾಕ್ಯ ಇರಲ್ಲ. ನಾವು ಪದವಿ ಕೊಡೋದು ಆ ಒಂದು ವಾಕ್ಯಕ್ಕೆ, ಮತ್ತೆ ಅದನ್ನ ಎದುರು ಪಕ್ಷದ ಮುಂದೆ ನಿಲ್ಲಿಸೋ ಶಕ್ತಿಗೆ.

ನಮ್ಮ ಶಾಸ್ತ್ರಗ್ರಂಥಗಳಲ್ಲಿ ಇದಕ್ಕೊಂದು ಒಳ್ಳೇ ಪದ್ಧತಿ ಇದೆ. ಮೊದಲು ಪೂರ್ವಪಕ್ಷ, ಎದುರಾಳಿಯ ವಾದನ ಅವನೇ ಬಂದು ಓದಿದ್ರೂ ಹೌದು ನಾನು ಹೇಳಿದ್ದು ಇದೇ, ನಾನೇ ಇಷ್ಟು ಚೆನ್ನಾಗಿ ಹೇಳಿರ್ಲಿಲ್ಲ ಅನ್ನೋ ಥರ ಇಡಬೇಕು. ಆಮೇಲೆ ಖಂಡನೆ. ಆಮೇಲೆ ಸಿದ್ಧಾಂತ. ನಾನು ಥೀಸಿಸ್ ಓದುವಾಗ ಮೊದಲು ನೋಡೋದೇ ಪೂರ್ವಪಕ್ಷ ಎಷ್ಟು ಗಟ್ಟಿ ಇದೆ ಅಂತ. ಎದುರಾಳಿನ ಪೆದ್ದ ಮಾಡಿ ಸೋಲಿಸಿದ್ರೆ ಅದಕ್ಕೆ ಬೆಲೆ ಇಲ್ಲ.

ನಿಮಗೆ ಆಸಕ್ತಿ ಇರೋ ಕೋಣೆಯಲ್ಲೇ ಒಂದು ಅಂಗೈಯಗಲ ಜಾಗ ತೋರಿಸ್ತೀನಿ. 1969ರಲ್ಲಿ ಹ್ಯಾರಿ ಫ್ರಾಂಕ್‌ಫರ್ಟ್ ಒಂದು ಸಣ್ಣ ಲೇಖನ ಬರೆದ. ಅದಕ್ಕೆ ಮೊದಲು ಹೆಚ್ಚಿನವರು ನಂಬಿದ್ದು ಏನಂದ್ರೆ, ಬೇರೆ ಥರ ಮಾಡೋಕೆ ಸಾಧ್ಯ ಇದ್ದಾಗ ಮಾತ್ರ ಮನುಷ್ಯ ತನ್ನ ಕೆಲಸಕ್ಕೆ ಹೊಣೆ. ಫ್ರಾಂಕ್‌ಫರ್ಟ್ ಒಂದು ಸನ್ನಿವೇಶ ಇಟ್ಟ. ಜೋನ್ಸ್ ಅನ್ನೋನು ಒಂದು ಕೆಲಸ ಮಾಡ್ಬೇಕು ಅಂತ ಬ್ಲ್ಯಾಕ್ ಅನ್ನೋನಿಗೆ ಆಸೆ. ಬ್ಲ್ಯಾಕ್ ಸುಮ್ಮನೆ ಕಾಯ್ತಾನೆ, ಜೋನ್ಸ್ ಬೇರೆ ಕಡೆ ವಾಲೋ ಹಾಗೆ ಕಂಡ್ರೆ ಮಾತ್ರ ಮಧ್ಯ ಪ್ರವೇಶಿಸಿ ಆ ಕೆಲಸ ಮಾಡೋ ಹಾಗೇ ಮಾಡ್ತಾನೆ. ಆದ್ರೆ ಜೋನ್ಸ್ ತಾನಾಗೇ ಆ ಕೆಲಸ ಮಾಡ್ಬಿಡ್ತಾನೆ, ಬ್ಲ್ಯಾಕ್ ಬೆರಳೂ ಅಲ್ಲಾಡಿಸಲ್ಲ. ಜೋನ್ಸ್‌ಗೆ ಬೇರೆ ಥರ ಮಾಡೋ ದಾರಿ ಇರ್ಲಿಲ್ಲ, ಆದ್ರೂ ಹೊಣೆ ಅವನದೇ ಅಲ್ವಾ? ಈ ಒಂದು ಸನ್ನಿವೇಶದ ಮೇಲೆ ಅರ್ಧ ಶತಮಾನದಿಂದ ಜಗಳ ನಡೀತಾನೇ ಇದೆ. ಇಲ್ಲಿ ನಿಮಗೆ ಎಲ್ಲಿ ಒಪ್ಪಿಗೆ ಆಗಲ್ಲ ಹೇಳಿ, ಅದು ಥೀಸಿಸ್.

ಉದ್ದದ ಬಗ್ಗೆನೂ ಭಯ ಬೇಡ. 1963ರಲ್ಲಿ ಎಡ್ಮಂಡ್ ಗೆಟಿಯರ್ ಬರೆದ ಲೇಖನ ಮೂರೇ ಪುಟ. ಸಮರ್ಥನೆ ಇರೋ ನಿಜವಾದ ನಂಬಿಕೆಯೇ ಜ್ಞಾನ ಅನ್ನೋ ವಿವರಣೆನ ಎರಡು ಉದಾಹರಣೆ ಕೊಟ್ಟು ಅಲ್ಲಾಡಿಸಿದ, ಇವತ್ತಿಗೂ ಅದಕ್ಕೆ ಉತ್ತರ ಹುಡುಕ್ತಾ ಇದಾರೆ.

ಕಡೆಬೆಂಚು

ಮೇಡಂ, ಬೇಜಾರಿಲ್ಲ, ನಿಜ ಹೇಳ್ಬೇಕಂದ್ರೆ ಇಷ್ಟು ವರ್ಷದಲ್ಲಿ ಒಬ್ಬರು ನೇರವಾಗಿ ಇದು ಸರಿ ಇಲ್ಲ ಅಂದಿದ್ದು ಇದೇ ಮೊದಲು, ಖುಷಿ ಆಯ್ತು. ಆ ಲೇಖನ ಇವತ್ತೇ ಓದ್ತೀನಿ. ತರ್ಕದಮೇಜು ಅವರೇ, ತಾಯಿ ಉದಾಹರಣೆ ತಲೆಯಿಂದ ಹೋಗ್ತಾನೇ ಇಲ್ಲ.

ಭಾಷೆ ಷರತ್ತಿನ ಬಗ್ಗೆ ಯಾರೂ ಹೇಳ್ಲಿಲ್ಲ. ಎಲ್ಲದಕ್ಕೂ ಅನುವಾದ ಇರುವಾಗ ಅದು ಯಾಕೆ ಬೇಕು?

ಎರಡೂದಡ

ನನ್ನ ಅಭಿಪ್ರಾಯದಲ್ಲಿ ಬೇಡ. ಎರಡು ವರ್ಷದಲ್ಲಿ ಒಂದು ಭಾಷೆನ ಫಿಲಾಸಫಿ ಓದೋ ಮಟ್ಟಕ್ಕೆ ಕಲಿಯೋದು ಆಗದ ಮಾತು, ನಿಘಂಟು ಇಟ್ಕೊಂಡು ಒಂದು ಪುಟ ಅನುವಾದ ಮಾಡಿ ಪಾಸ್ ಆಗ್ತಾರೆ, ಆಮೇಲೆ ಮರೆತೋಗ್ತಾರೆ. ಕೆಲವು ಕಡೆ ಭಾಷೆ ಬದಲು ಇನ್ನೊಂದು ಲಾಜಿಕ್ ಕೋರ್ಸ್ ತಗೋಬಹುದು ಅಂತ ಇಟ್ಟಿದಾರೆ, ಅದು ಒಳ್ಳೇದು.

ಮೂಲಪಾಠ

ಇಲ್ಲ, ಇದನ್ನ ನಾನು ಒಪ್ಪಲ್ಲ, ಸಾರಿ. ನಾನು ಕಾಂಟ್‌ನ ಇಂಗ್ಲಿಷಲ್ಲಿ ಓದ್ತಾ ಒಂದು ವರ್ಷ ಪೂರ್ತಿ ಇಂಟ್ಯೂಷನ್ ಅಂದ್ರೆ ಒಳಮನಸ್ಸಿಗೆ ಹೊಳೆಯೋದು, ಅಂತಃಪ್ರೇರಣೆ ಅಂತಲೇ ಅಂದ್ಕೊಂಡಿದ್ದೆ. ಜರ್ಮನ್ ಮೂಲದಲ್ಲಿ ಇರೋ ಪದ ಅನ್‌ಶಾಉಂಗ್, ಅಂದ್ರೆ ನೋಡೋದು ಅನ್ನೋ ಬೇರಿಂದ ಬಂದಿದ್ದು, ವಸ್ತು ನೇರವಾಗಿ ಮನಸ್ಸಿಗೆ ಒದಗೋ ರೀತಿ. ಅದು ಗೊತ್ತಾದ ದಿನ ಹಿಂದೆ ಓದಿದ ನೂರಾರು ಪುಟ ವಾಪಸ್ ಓದ್ಬೇಕಾಯ್ತು. ಭಾಷೆ ಪೂರ್ತಿ ಬರೋದು ಬೇಡ, ಎಲ್ಲಿ ಅನುವಾದಕ ಕೈ ಚಾಚಿ ಒಂದು ಪದ ಆರಿಸಿದಾನೆ ಅಂತ ಹುಡುಕೋಕೆ ಬಂದ್ರೆ ಸಾಕು, ನಿಘಂಟು ಹಿಡಿದು ಮಾಡೋ ಆ ಒಂದು ಪುಟ ಅದನ್ನೇ ಕಲ್ಸತ್ತೆ.

ಭಾರತೀಯ ದರ್ಶನ ತಗೊಂಡ್ರೆ ಸಂಸ್ಕೃತ ನಮಗೆ ಹತ್ತಿರ ಅಂತ ಕನ್ನಡದವ್ರು ಅಂದ್ಕೋತೀವಿ, ಆ ಹತ್ತಿರನೇ ಮೋಸ ಮಾಡತ್ತೆ. ನ್ಯಾಯದರ್ಶನದಲ್ಲಿ ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಅಂತ ನಾಲ್ಕು ಪ್ರಮಾಣ. ಕನ್ನಡದಲ್ಲಿ ಅನುಮಾನ ಅಂದ್ರೆ ಡೌಟು. ಅವರಿಗೆ ಅನುಮಾನ ಅಂದ್ರೆ ಹೊಗೆ ಕಂಡು ಬೆಟ್ಟದಲ್ಲಿ ಬೆಂಕಿ ಇದೆ ಅಂತ ಖಚಿತವಾಗಿ ತಿಳಿಯೋದು, ಡೌಟಿಗೆ ಪೂರ್ತಿ ವಿರುದ್ಧ. ಪ್ರಮಾಣ ಅಂದ್ರೆ ನಮಗೆ ಆಣೆ ಇಲ್ಲಾ ಅಳತೆ, ಅವರಿಗೆ ಸರಿಯಾದ ತಿಳಿವಿನ ಸಾಧನ. ಗೊತ್ತಿರೋ ಪದ ಗೊತ್ತಿಲ್ದೆ ಇರೋ ಪದಕ್ಕಿಂತ ಜಾಸ್ತಿ ದಾರಿ ತಪ್ಪಿಸತ್ತೆ.

ಇನ್ನೊಂದು ಸಣ್ಣ ವಿಷಯ, ಯಾರೂ ಮೊದಲೇ ಹೇಳ್ಕೊಡಲ್ಲ. ಉಲ್ಲೇಖ ಕೊಡುವಾಗ ನಿಮ್ಮ ಕೈಯಲ್ಲಿರೋ ಪುಸ್ತಕದ ಪುಟ ಸಂಖ್ಯೆ ಸಾಲಲ್ಲ. ಪ್ಲೇಟೋಗೆ 1578ರ ಸ್ಟೆಫಾನಸ್ ಆವೃತ್ತಿಯ ಪುಟ, ಅರಿಸ್ಟಾಟಲ್‌ಗೆ 1831ರಲ್ಲಿ ಬಂದ ಬೆಕ್ಕರ್ ಆವೃತ್ತಿಯ ಪುಟ ಮತ್ತೆ ಸಾಲು, ಕಾಂಟ್‌ನ ಮೊದಲನೇ ವಿಮರ್ಶೆಗೆ (ಕ್ರಿಟೀಕ್ ಆಫ್ ಪ್ಯೂರ್ ರೀಸನ್) 1781ರ ಆವೃತ್ತಿಯ ಪುಟಕ್ಕೆ ಎ, 1787ರದ್ದಕ್ಕೆ ಬಿ. ಒಳ್ಳೇ ಅನುವಾದದಲ್ಲಿ ಇದೆಲ್ಲಾ ಅಂಚಲ್ಲೇ ಹಾಕಿರ್ತಾರೆ. ಓದುವಾಗಲೇ ನೋಟ್ಸಲ್ಲಿ ಬರ್ಕೊಳ್ಳಿ, ಇಲ್ಲ ಅಂದ್ರೆ ಕೊನೇ ವಾರ ಇಡೀ ಥೀಸಿಸ್ ಮತ್ತೆ ಹುಡುಕ್ಬೇಕಾಗತ್ತೆ.

ಎರಡೂದಡ

ಅನುಮಾನದ ಉದಾಹರಣೆ ನೋಡಿದ್ಮೇಲೆ ನನ್ನ ಮಾತು ಸ್ವಲ್ಪ ಸಡಿಲ ಮಾಡ್ತೀನಿ. ಇತಿಹಾಸದ ಮೇಲೆ ಥೀಸಿಸ್ ಬರೆಯೋರಿಗೆ ಭಾಷೆ ಬೇಕು. ಎಲ್ಲರಿಗೂ ಕಡ್ಡಾಯ ಬೇಡ ಅನ್ನೋದರಲ್ಲಿ ಮಾತ್ರ ಬದಲಾವಣೆ ಇಲ್ಲ.

ಮೂಲಪಾಠ

ಅಷ್ಟಾದ್ರೆ ನನ್ನದೂ ಒಪ್ಪಿಗೆ.

ಕೊನೇದಿನಾಂಕ

ಎಲ್ಲರೂ ದೊಡ್ಡ ವಿಷಯ ಹೇಳಿದೀರ, ನಾನು ಕಾಗದಪತ್ರದ ವಿಷಯ ಹೇಳ್ತೀನಿ ಯಾಕಂದ್ರೆ ನನಗೆ ಅದರಿಂದ ಒಂದು ಸೆಮಿಸ್ಟರ್ ಹೋಯ್ತು. ನಾನು ಓದಿದ ಕಡೆ ಕೋರ್ಸ್ ಎಲ್ಲಾ ಮುಗಿಸಿ ಥೀಸಿಸ್ ಡಿಫೆನ್ಸ್ ಆಗಿ ಕಮಿಟಿ ಮೂವರೂ ಸಹಿ ಹಾಕಿದ್ಮೇಲೂ ಪದವಿ ಬರ್ಲಿಲ್ಲ, ಯಾಕಂದ್ರೆ ಪದವಿ ಬೇಕು ಅಂತ ಬೇರೆನೇ ಒಂದು ಅರ್ಜಿ ಹಾಕ್ಬೇಕಿತ್ತು, ಅದರ ಕೊನೇ ದಿನ ಸೆಮಿಸ್ಟರ್ ಶುರುವಾದ ಎರಡೇ ವಾರಕ್ಕೆ ಮುಗಿದೋಗಿತ್ತು, ನನಗೆ ಯಾರೂ ಹೇಳಿರ್ಲಿಲ್ಲ, ಹ್ಯಾಂಡ್‌ಬುಕ್ಕಿನ ಒಂದು ಸಾಲಲ್ಲಿ ಇತ್ತು. ಮುಂದಿನ ಸೆಮಿಸ್ಟರ್‌ಗೆ ಮತ್ತೆ ರಿಜಿಸ್ಟ್ರೇಶನ್ ಮಾಡಿಸಿ ಸುಮ್ಮನೆ ಕಾಯ್ಬೇಕಾಯ್ತು, ಸಿಕ್ಕಿದ್ದ ಪಿಎಚ್.ಡಿ. ಸೀಟೂ ಆ ವರ್ಷ ತಪ್ಪಿಹೋಯ್ತು. ಈಗ ನೆನೆಸ್ಕೊಂಡ್ರೂ ಹೊಟ್ಟೆ ಉರಿಯತ್ತೆ.

ಹಾಗಾಗಿ ಸೇರಿದ ಮೊದಲನೇ ತಿಂಗಳೇ ಇವನ್ನ ಕೇಳಿ ಬರ್ಕೊಂಡಿಟ್ಕೊಳ್ಳಿ. ಗರಿಷ್ಠ ಎಷ್ಟು ವರ್ಷದಲ್ಲಿ ಮುಗಿಸ್ಬೇಕು, ಅದು ದಾಟಿದ್ರೆ ಹಳೇ ಕೋರ್ಸು ಲೆಕ್ಕಕ್ಕೆ ಬರತ್ತಾ ಇಲ್ವಾ. ಕನಿಷ್ಠ ಗ್ರೇಡ್ ಎಷ್ಟು, ಡಿಗ್ರಿಯಲ್ಲಿ ಪಾಸ್ ಅನ್ನೋ ಗ್ರೇಡು ಮಾಸ್ಟರ್ಸಲ್ಲಿ ಬಹಳ ಕಡೆ ಲೆಕ್ಕಕ್ಕೇ ಇಲ್ಲ. ಪ್ರಬಂಧ ಆಮೇಲೆ ಕೊಡ್ತೀನಿ ಅಂತ ಗ್ರೇಡ್ ಬದಲು ಇನ್‌ಕಂಪ್ಲೀಟ್ ತಗೊಂಡ್ರೆ ಎಷ್ಟು ದಿನಕ್ಕೆ ಅದು ಫೇಲ್ ಆಗಿ ಬದಲಾಗತ್ತೆ, ಫಿಲಾಸಫಿಯಲ್ಲಿ ಇನ್ನೂ ಸ್ವಲ್ಪ ಓದಿ ಬರೀತೀನಿ ಅಂತ ಇನ್‌ಕಂಪ್ಲೀಟ್ ತಗೊಳ್ಳೋರು ತುಂಬಾ ಜನ, ಮೂರು ಗುಡ್ಡೆ ಆದ್ರೆ ಎದ್ದೇಳೋಕೆ ಆಗಲ್ಲ. ಮಾರ್ಗದರ್ಶಕರು ರಜೆ ಮೇಲೆ ಹೋಗೋ ವರ್ಷ ಯಾವುದು ಅಂತಾನೂ ಕೇಳಿ. ಕೇಳೋಕೆ ಸಂಕೋಚ ಬೇಡ.

ತರ್ಕದಮೇಜು

ಇದಕ್ಕೆ ಸೇರಿಸಿ: ಬೇರೆ ವಿಷಯದಲ್ಲಿ ಡಿಗ್ರಿ ಮಾಡಿದವ್ರಿಗೆ ಕೆಲವು ಕಡೆ ಷರತ್ತಿನ ಮೇಲೆ ಪ್ರವೇಶ ಕೊಡ್ತಾರೆ, ಮೊದಲು ಎರಡು ಮೂರು ಡಿಗ್ರಿ ಮಟ್ಟದ ಫಿಲಾಸಫಿ ಕೋರ್ಸ್ ಮುಗಿಸ್ಬೇಕು, ಅವು ಎಂ.ಎ. ಕ್ರೆಡಿಟ್ಟಿಗೆ ಸೇರಲ್ಲ. ಅಂದ್ರೆ ಎರಡು ವರ್ಷ ಅಂದಿದ್ದು ಎರಡೂವರೆ ಆಗತ್ತೆ. ಕೆಲಸ ಬಿಡೋ ಮೊದಲು ಇದನ್ನ ಲೆಕ್ಕ ಹಾಕ್ಕೊಳ್ಳಿ.

ಕಡೆಬೆಂಚು

ಹತ್ತು ದಿನ ಆದ್ಮೇಲೆ ವಾಪಸ್ ಬಂದೆ. ಕೊನೇದಿನಾಂಕ ಅವರು ಹೇಳಿದ ಪಟ್ಟಿ ಹಿಡ್ಕೊಂಡು ಎರಡು ಕಡೆಗೆ ಮೇಲ್ ಮಾಡ್ದೆ, ಒಂದು ಕಡೆಯಿಂದ ಉತ್ತರ ಬಂತು, ನನಗೆ ಮೂರು ಕೋರ್ಸು ಮೊದಲು ಮಾಡ್ಬೇಕಾಗತ್ತಂತೆ, ಅದಕ್ಕೆ ತಯಾರಿದೀನಿ. ಕ್ರೆಡಿಟ್ ಲೆಕ್ಕ ಮಾಡ್ಕೊಂಡು ಎರಡು ವರ್ಷದ್ದನ್ನೇ ಆರಿಸ್ಕೊಂಡಿದೀನಿ, ಒಂದು ವರ್ಷದಲ್ಲಿ ನನಗೆ ಆಗಲ್ಲ.

ಮೇಡಂ, ಫ್ರಾಂಕ್‌ಫರ್ಟ್ ಓದ್ದೆ. ಮೂರು ಸಲ ಓದ್ದೆ. ನನಗೆ ತಡೆದಿದ್ದು ಒಂದು ಜಾಗದಲ್ಲಿ. ಜೋನ್ಸ್ ಬೇರೆ ಕಡೆ ವಾಲ್ತಾನೆ ಅಂತ ಬ್ಲ್ಯಾಕ್‌ಗೆ ಮುಂಚೆನೇ ಹೇಗೆ ಗೊತ್ತಾಗತ್ತೆ? ಏನೋ ಒಂದು ಗುರುತು ಕಾಣ್ಬೇಕು. ಆ ಗುರುತು ಜೋನ್ಸ್‌ನ ನಿರ್ಧಾರನ ಮೊದಲೇ ಕಟ್ಟಿಹಾಕಿದ್ರೆ ಎಲ್ಲಾ ಪೂರ್ವನಿಶ್ಚಿತ ಅಂತ ಒಪ್ಪಿದ ಹಾಗಾಯ್ತು, ಆಗ ಜೋನ್ಸ್ ಹೊಣೆ ಅಂತ, ಪೂರ್ವನಿಶ್ಚಿತ ಆದ್ರೆ ಹೊಣೆ ಇಲ್ಲ ಅನ್ನೋ ಎದುರು ಪಕ್ಷದವ್ರು ಯಾಕೆ ಒಪ್ತಾರೆ? ಕಟ್ಟಿಹಾಕಿಲ್ಲ ಅಂದ್ರೆ ಗುರುತು ಕಂಡ್ಮೇಲೂ ಜೋನ್ಸ್ ಕೊನೇ ಕ್ಷಣದಲ್ಲಿ ಬೇರೆ ನಿರ್ಧಾರ ಮಾಡ್ಬಹುದಿತ್ತು, ಅಂದ್ರೆ ಬೇರೆ ದಾರಿ ಇತ್ತು. ಎರಡರಲ್ಲಿ ಯಾವುದನ್ನ ಹಿಡಿದ್ರೂ ಫ್ರಾಂಕ್‌ಫರ್ಟ್‌ನ ಉದಾಹರಣೆ ಕುಸಿಯತ್ತೆ. ಇದು ನನಗೆ ಹೊಳೆದಿದ್ದಾ, ಇಲ್ಲಾ ಯಾರಾದ್ರೂ ಹೇಳಿದಾರಾ?

ಅಂಚಿನಟಿಪ್ಪಣಿ

ಹೇಳಿದಾರೆ, ಅದರಿಂದ ಕುಗ್ಗಬೇಡಿ, ನೀವಾಗಿ ಅಲ್ಲಿಗೆ ತಲುಪಿದ್ದು ನನಗೆ ತುಂಬಾ ಸಂತೋಷ. ಈ ಇಕ್ಕಟ್ಟನ್ನ 1985ರಲ್ಲಿ ರಾಬರ್ಟ್ ಕೇನ್, 1995ರಲ್ಲಿ ಡೇವಿಡ್ ವಿಡರ್ಕರ್ ವಿವರವಾಗಿ ಬೆಳೆಸಿದ್ರು. ಈಗ ನಿಮಗೆ ಪೂರ್ವಪಕ್ಷ ಬೇಕಲ್ಲ, ಅದು 1998ರಲ್ಲಿ ಸಿಗತ್ತೆ, ಆಲ್ಫ್ರೆಡ್ ಮೀಲಿ ಮತ್ತೆ ಡೇವಿಡ್ ರಾಬ್ ಬರೆದ ಉತ್ತರ. ಅವರು ಗುರುತನ್ನೇ ತೆಗೆದು ಹಾಕ್ತಾರೆ. ಬ್ಲ್ಯಾಕ್ ಕಾದು ನೋಡೋದೇ ಇಲ್ಲ, ಮೊದಲೇ ಮೆದುಳಲ್ಲಿ ಒಂದು ಪ್ರಕ್ರಿಯೆ ಚಾಲೂ ಮಾಡಿರ್ತಾನೆ, ಅದು ಇಂಥ ಕ್ಷಣಕ್ಕೆ ನಿರ್ಧಾರ ತಂದೇ ತರತ್ತೆ, ಅದೇ ಕ್ಷಣಕ್ಕೆ ಆ ಮನುಷ್ಯ ತಾನಾಗೇ ಅದೇ ನಿರ್ಧಾರ ಮಾಡಿದ್ರೆ ಮಾತ್ರ ಹಿಂದೆ ಸರಿಯತ್ತೆ. ಅವನ ಸ್ವಂತ ಯೋಚನೆ ಪಕ್ಕದಲ್ಲೇ ಬೇರೆ ದಾರಿಯಲ್ಲಿ ನಡೀತಿರತ್ತೆ, ಅದು ಪೂರ್ವನಿಶ್ಚಿತ ಅಲ್ಲ. ಗುರುತೇ ಇಲ್ಲದ್ರಿಂದ ನಿಮ್ಮ ಇಕ್ಕಟ್ಟು ಹಿಡಿಯೋಕೆ ಕೈಗೆ ಏನೂ ಸಿಗಲ್ಲ ಅಂತ ಅವರ ವಾದ.

ಎರಡು ಪ್ರಕ್ರಿಯೆ ಒಂದೇ ಕ್ಷಣಕ್ಕೆ ಒಂದೇ ಬಾಗಿಲಿಗೆ ಬಂದು ನಿಲ್ತವೆ, ಯಾವುದು ಒಳಗೆ ಹೋಗತ್ತೆ, ಅದನ್ನ ಯಾವುದು ತೀರ್ಮಾನ ಮಾಡತ್ತೆ? ಕಂಪ್ಯೂಟರ್ ಸೈನ್ಸಲ್ಲಿ ಇದಕ್ಕೆ ನಿಮ್ಮ ಹತ್ರ ಒಂದು ಹೆಸರು ಇರ್ಬೇಕು.

ಕಡೆಬೆಂಚು

ರೇಸ್ ಕಂಡಿಷನ್!! ಎರಡು ಪ್ರಕ್ರಿಯೆ ಪೈಪೋಟಿಗೆ ಬಿದ್ದು, ಯಾವುದು ಮೊದಲು ಮುಟ್ಟತ್ತೆ ಅನ್ನೋದರ ಮೇಲೆ ಫಲಿತಾಂಶ ಬದಲಾಗೋದು. ಮೇಡಂ ಇದನ್ನ ನಾನು ಕೆಲಸದಲ್ಲಿ ವಾರಕ್ಕೊಂದು ಸಲ ನೋಡ್ತೀನಿ. ಯಾರು ಮೊದಲು ಅಂತ ತೀರ್ಮಾನ ಮಾಡೋಕೆ ಒಂದು ನಿಯಮ ಮೊದಲೇ ಬರೆದಿಟ್ಟಿರ್ಬೇಕು, ಅಂದ್ರೆ ಆ ನಿಯಮನೂ ಬ್ಲ್ಯಾಕೇ ಇಟ್ಟಿರೋದಾ? ಹಾಗಾದ್ರೆ ನಿರ್ಧಾರ ಆ ಮನುಷ್ಯನದು ಅಂತ ಹೇಳೋಕೆ ಎಷ್ಟು ಉಳಿಯತ್ತೆ?

ಅಂಚಿನಟಿಪ್ಪಣಿ

ಈ ಪ್ರಶ್ನೆನ ಹೀಗೇ ಒಂದು ಹಾಳೆಗೆ ಬರೀರಿ, ಮೀಲಿ ಮತ್ತೆ ರಾಬ್ ಇದಕ್ಕೆ ಕೊಡಬಹುದಾದ ಅತಿ ಗಟ್ಟಿ ಉತ್ತರ ಎರಡನೇ ಹಾಳೆಗೆ. ಅಪ್ಲಿಕೇಶನ್ನಿನ ಬರವಣಿಗೆ ಮಾದರಿ ಅಲ್ಲಿಂದ ಬೆಳೆಸಿ. ಎರಡನೇ ಹಾಳೆ ಬರೆದು ಮುಗಿಸೋ ತನಕ ಮೂರನೇದನ್ನ ಶುರು ಮಾಡ್ಬೇಡಿ.